ತೂಗುವ ಭಾರ

ರೂವಿಯ ಶುಕ್ರವಾರ. ಸಭಾಗೃಹದ ಹಿಂದಿನ ಕೋಣೆ.
ನಾಳಿದ್ದು ಗರಿಗಳ ಭಾನುವಾರ.
ಖರ್ಜೂರದ ಗರಿ ಸೀಳಿ ಶಿಲುಬೆ ಮಡಚುತ್ತಿದ್ದೇವೆ,
ಅಜ್ಜ ಅಜ್ಜಿಯರು, ಮಕ್ಕಳು, ನಾನು.
ಊರಿನ ತೆಂಗಿನ ಗರಿಯಷ್ಟು ಇದು ಬಾಗದು.
ಚುಚ್ಚುತ್ತದೆ.

ಏಳರ ಜೋಥಮ್ ಗರಿ ಎಸೆದ, ಕುರ್ಚಿ ಒದ್ದ, ಹೊರಗೋಡಿದ.
ಅವನಪ್ಪ ಮರಳುಗಾಡಿನ ಎಣ್ಣೆಬಾವಿಗೆ ಹೋಗಿ
ಇಪ್ಪತ್ತಾರು ದಿನ.
ನಾನು ತಕ್ಕ ವಚನ ಹುಡುಕುತ್ತಿದ್ದೆ.

ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದ
ಸಾಲಿನ್ಸ್ ಅಜ್ಜ ಎದ್ದರು. ಕರೆಯಲಿಲ್ಲ, ಬೈಯಲಿಲ್ಲ.
ಹುಡುಗ ಹೋದತ್ತಲೇ ನಡೆದರು:
ಗೋಡೆಯ ತನಕ, ನೀರಿನ ಟ್ಯಾಂಕಿನ ತನಕ, ಮತ್ತೆ ಗೇಟಿಗೆ.
ಬಿಸಿಲಲ್ಲಿ ಎರಡು ನೆರಳು,
ಒಂದಕ್ಕೆ ಕುಂಟು.

"ತೂಗಾಡೋ ಭಾರವನ್ನ ಎಳೆದು ನಿಲ್ಲಿಸೋಕಾಗಲ್ಲ ಟೀಚರ್,"
ಆಮೇಲೆ ನೀರು ಕುಡಿಯುತ್ತ ಅಂದರು,
"ಅದು ಹೋದ ಕಡೆಗೇ ನಾವೂ ಒಂದಿಷ್ಟು ಹೋಗಬೇಕು.
ತಾನೇ ನಿಲ್ಲುತ್ತೆ."

ಜೋಥಮ್ ಬಂದು ಕೂತ.
ಪ್ರಾರ್ಥನೆಗೆ ಕಣ್ಣು ಮುಚ್ಚಲಿಲ್ಲ;
ಅಜ್ಜನ ಹೆಬ್ಬೆರಳ ಕಾಯಿಯನ್ನೇ ನೋಡುತ್ತಿದ್ದ,
ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಜೋರಾಗಿ
ಆಮೆನ್ ಅಂದ.

ಎರಡು ಶಿಲುಬೆ ಮಡಚಿದ. ಒಂದು ಸೊಟ್ಟ,
ಇನ್ನೊಂದು ಇನ್ನೂ ಸೊಟ್ಟ.
ಸೊಟ್ಟದ್ದನ್ನೇ ಆರಿಸಿ
ಅಪ್ಪನಿಗೆಂದು ಜೇಬಿಗಿಟ್ಟ.

ಆ ವಾರದ ವಚನ
ನನ್ನ ಪುಸ್ತಕದಲ್ಲೇ ಉಳಿಯಿತು.