ಹೊಣೆಗಾರ ವ್ಯಕ್ತಿ

ಬ್ಯಾಂಟ್ರಿಯ ಶುಕ್ರವಾರದ ಸಂತೆಯಲ್ಲಿ ಇನ್‌ಸ್ಪೆಕ್ಟರ್ ಟೂಮಿ
ಕನ್ನಡಕ ಹಣೆಗೇರಿಸಿ ನನ್ನ ಸೋಪಿನ ಚೀಟಿ ಓದಿದ,
ಲಗ್ನಪತ್ರಿಕೆ ಓದುವಷ್ಟು ನಿಧಾನ.

‘ಇಸುಬು ವಾಸಿಯಾಗುತ್ತದೆ’ — ಇದನ್ನು ಹೊಡೆದುಹಾಕಿ.
ವಾಸಿ ಮಾಡಿದರೆ ಅದು ಔಷಧಿ, ನಿಮಗೆ ಲೈಸೆನ್ಸ್ ಇಲ್ಲ.
ಆಯಿತಲ್ಲ, ಅಂದೆ, ಮೀನು ಸೀಳುವ ಬ್ರೀಜಳ ಕೈ ನೋಡಿ.
ಆಗಲಿ. ಹೇಳಬೇಡಿ.

ನೂರು ಗ್ರಾಂ ಅಂತಿದೆ. ತೂಗಿದ. ತೊಂಬತ್ತಮೂರು.
ಆರು ವಾರ ಹಲಗೆಯ ಮೇಲೆ ಒಣಗಿದೆ,
ಒಣಗಿದರೆ ಯಾರು ತಾನೇ ಇಳಿಯುವುದಿಲ್ಲ?
ಇಳಿದದ್ದನ್ನೇ ಬರೆಯಿರಿ, ಅಂದ.

ಲ್ಯಾವೆಂಡರ್ ಅಂದರೆ ಸಾಲದಂತೆ,
ಅದರೊಳಗಿನ ಲಿನಲೂಲನ್ನೂ ಹೆಸರು ಹಿಡಿದು ಕರೆಯಬೇಕು;
ಯಾರದೋ ಚರ್ಮಕ್ಕೆ ಆಗದಿರಬಹುದು.
ಮತ್ತೆ, ನನ್ನ ಮೊಣಕೈ ಸುಟ್ಟ ಕಾಸ್ಟಿಕ್ ಸೋಡಾ?
ಎಣ್ಣೆಗೆ ಸೇರಿ ಬೇರೆಯೇ ಆಗಿದೆ, ಈಗ ಅದಿಲ್ಲ, ಬೇಡ.
ಕಾಯಿದೆಗೂ ಇಷ್ಟು ಮರೆವಿದೆ.

ಕೊನೆಗೆ, ಇರುವೆಸಾಲಿನಂಥ ಅಕ್ಷರ:
ಹೊಣೆಗಾರ ವ್ಯಕ್ತಿ, ಫಿನ್‌ಬಾರ್ ಕ್ರೋಲಿ.
ಇವರೆಲ್ಲಿ?
ಕೈ ತೊಳೆದುಕೊಂಡು ಹೋದರು. ಮಾರ್ಚಿನಲ್ಲಿ.
ಟೂಮಿ ನಗಲಿಲ್ಲ.
ಕೇಳಿದಾಗ ಉತ್ತರ ಕೊಡುವ ಒಬ್ಬರ ಹೆಸರು,
ಅವರು ಸಿಗುವ ವಿಳಾಸ,
ಅಷ್ಟೇ ನೋಡಿ ಕಾನೂನು ಕೇಳುವುದು, ಅಂದ.

ರಾತ್ರಿ ಆರುನೂರು ಚೀಟಿ, ಒಂದು ಕಪ್ಪು ಪೆನ್ನು.
ಮುನ್ನೂರರವರೆಗೆ ಅವನ ಹೆಸರು ಹೊಡೆದೆ ಸಿಟ್ಟಿನಿಂದ.
ಆಮೇಲೆ ಬರೀ ಕೆಲಸ.
ಕೆಳಗೆ ಬರೆದೆ: ನೋರೀನ್, ದೋಣಿಮನೆಯ ಹಿಂದಿನ ಬಾಗಿಲು.
ಯಾರ ಚರ್ಮ ಉರಿದರೂ
ಬಂದು ಬಡಿಯಬಹುದು.