ಎಂಜಿನ್ ಬಂದ್ ಆದ ಮೇಲೆ

ಕಾರವಾರದ ಸಿವಿಲ್ ಆಸ್ಪತ್ರೆ, ಹಿಂದಿನ ಕಟ್ಟಡ,
ಎಕ್ಸ್‌ರೇ ದಾಟಿ ಎಡಕ್ಕೆ ನನ್ನ ಪೆಟ್ಟಿಗೆ:
ಜೋಡಿ ಬಾಗಿಲು, ಗೋಡೆಗೆಲ್ಲ ಸ್ಪಂಜು.
ಸಮುದ್ರ ಇಷ್ಟು ಹತ್ತಿರವಿದ್ದೂ
ಒಳಗೆ ಬರಲು ಅದಕ್ಕೆ ಪರವಾನಗಿ ಇಲ್ಲ.

ಇಲ್ಲಿ ಕೂತು ಊರಿನ ಕಿವಿಗಳನ್ನು ಅಳೆಯುತ್ತೇನೆ.
ಕೇಳಿದರೆ ಗುಂಡಿ ಒತ್ತಿ, ಕೇಳದಿದ್ದರೆ ಸುಮ್ಮನಿರಿ.
ಹದಿನಾಲ್ಕು ವರ್ಷದಿಂದ ಇವೇ ಎರಡು ಮಾತು.

ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು
ರೋಗಿಯ ಕುರ್ಚಿಯಲ್ಲಿ ನಾನೇ ಕೂರುತ್ತೇನೆ.
ಫೋನಿನಲ್ಲಿ ಒಬ್ಬನೇ ಒಬ್ಬ ಪಿಯಾನೋ ನುಡಿಸುತ್ತಾನೆ.
ಯಾವ ದೇಶದವನೋ; ಚಿತ್ರದಲ್ಲಿ ಹಿಮ, ಒಂದು ಬೋಳು ಮರ.
ನಾನು ಕಂಡ ಹಿಮವೆಂದರೆ ಬೈತಖೋಲದ ಐಸ್ ಫ್ಯಾಕ್ಟರಿಯದ್ದು,
ಬಂಗುಡೆ ವಾಸನೆಯದ್ದು.

"ಇದೆಂತ ಸಂಗೀತ ಮೇಡಂ," ಅಟೆಂಡರ್ ಶೇವಂತಿಯ ತಕರಾರು,
"ತಾಳ ಇಲ್ಲ, ಪಲ್ಲವಿ ಇಲ್ಲ.
ಹಲ್ಲಿನ ಡಾಕ್ಟ್ರ ಹತ್ರ ಕಾಯುವಾಗ ಹಾಕ್ತಾರಲ್ಲ, ಅದು."
ಹೌದು, ಅದೇ.
ಅವಳಿಗೆ ಹೇಗೆ ಹೇಳಲಿ,
ಬೆಳಗಿನಿಂದ ಎಲ್ಲರೂ ನನ್ನನ್ನು ಏನಾದರೊಂದು ಕೇಳುವವರೇ;
ಇದು ಕೇಳಲು ಸಿಗುತ್ತದೆ, ಏನನ್ನೂ ಕೇಳುವುದಿಲ್ಲ.
ಅಳು ಎನ್ನುವುದಿಲ್ಲ, ಕುಣಿ ಎನ್ನುವುದಿಲ್ಲ.
ಒಂದು ಸ್ವರ ಇಟ್ಟು ಕೈ ತೆಗೆಯುತ್ತದೆ,
ಅದು ತಣಿಯುವ ತನಕ ಕಾಯುತ್ತದೆ.

ಕಳೆದ ಮಂಗಳವಾರ, ಟೋಕನ್ ಇಪ್ಪತ್ತೇಳು:
ಬುದವಂತ ಹರಿಕಂತ್ರ.
ಮೂವತ್ತೊಂದು ವರ್ಷ ಟ್ರಾಲರ್ ಬೋಟಿನ ಎಂಜಿನ್ ಪಕ್ಕ.
ಅಂಗೈ ಗೆರೆಗಳಲ್ಲಿ ಇನ್ನೂ ಡೀಸೆಲ್.
ಹೆಂಡತಿ ಹೇಳಿದಳು: ಇವರ ಮಾತು ಬೀದಿಗೆಲ್ಲ ಕೇಳ್ತದೆ,
ಇವರೊಬ್ಬರನ್ನು ಬಿಟ್ಟು.

ನನ್ನ ಕಾಗದದ ಮೇಲೆ ಗೆರೆ
ಸದಾಶಿವಗಡದ ಗುಡ್ಡದಂತೆ ಬಲಕ್ಕೆ ಜಾರಿ ನೀರಿಗಿಳಿಯಿತು.
ಹಕ್ಕಿ ಇಲ್ಲ, ಕುಕ್ಕರ್ ಸೀಟಿ ಇಲ್ಲ,
ಮೊಮ್ಮಗಳ ಮಾತಿನಲ್ಲಿ ಸ ಇಲ್ಲ, ಷ ಇಲ್ಲ.
ಬದಲಿಗೆ ಹಗಲೂ ರಾತ್ರಿ ಒಂದು ಜೀರುಂಡೆ,
ಹೊರಗೆಲ್ಲೂ ಇಲ್ಲದ್ದು.

ನಡುವೆ ಒಮ್ಮೆ ಗುಂಡಿ ಒತ್ತಿದರು.
ನಾನು ಏನನ್ನೂ ಕಳಿಸಿರಲಿಲ್ಲ.
ಮತ್ತೆ ಒತ್ತಿದರು.
ತಪ್ಪು ಉತ್ತರ, ಎಂದು ಬರೆದುಕೊಂಡೆ.

ಯಾಕೋ ಗೊತ್ತಿಲ್ಲ, ಹೊರಗೆ ಇನ್ನೂ ಒಂಬತ್ತು ಮಂದಿ ಇದ್ದರು,
ನನ್ನ ಫೋನಿನ ತಂತಿಯನ್ನು ಅವರ ಹೆಡ್‌ಫೋನಿಗೆ ಸಿಕ್ಕಿಸಿದೆ.
ಗಾಜಿನಾಚೆ ಹುಬ್ಬು ಗಂಟಾಯಿತು.
ಆಮೇಲೆ ಸಡಿಲಾಯಿತು.
ಬಲಗೈ ಅವರನ್ನು ಸರಿಯಾಗಿ ಮುಟ್ಟುತ್ತಿಲ್ಲ, ನನಗೆ ಗೊತ್ತು:
ಮೇಲಿನ ಸಣ್ಣ ಸ್ವರಗಳೆಲ್ಲ ಮಂಜಿನಲ್ಲಿ ಹೋದ ದೋಣಿಗಳು.
ಎಡಗೈಯಷ್ಟೇ. ತಗ್ಗಿನ ನಾಲ್ಕು ಸ್ವರ,
ಇಳಿತದ ಹೊತ್ತಿಗೆ ಮರಳಿನಲ್ಲಿ ನಡೆದವರ ಹಾಗೆ
ಒಂದರ ಹಿಂದೊಂದು.
ಕೈಯಲ್ಲಿ ಗುಂಡಿ ಇತ್ತು. ಒತ್ತುವುದನ್ನು ಮರೆತಿದ್ದರು.

ಹೊರಬಂದು, ಬೀದಿಗೆ ಕೇಳುವ ದನಿಯಲ್ಲೇ:
"ಬಾಯೀ, ರಾತ್ರಿ ವಾಪಸ್ ಬರುವಾಗ ಜೆಟ್ಟಿ ಕಂಡ ಮೇಲೆ
ಎಂಜಿನ್ ಬಂದ್ ಮಾಡ್ತೇವೆ ನೋಡಿ.
ಬೋಟು ನಿಲ್ಲೂದಿಲ್ಲ.
ತನ್ನಷ್ಟಕ್ಕೆ ಸ್ವಲ್ಪ ದೂರ ಹೋಗ್ತದೆ.
ಆಗ ಯಾರೂ ಮಾತಾಡೂದಿಲ್ಲ.
ಅದು ಇದರಲ್ಲಿ ಉಂಟು."

ಜೀರುಂಡೆ? ಚೀಟಿಯಲ್ಲಿ ಬರೆದು ತೋರಿಸಿದೆ.
"ಇತ್ತು. ಬದಿಗೆ ಸರಿದು ಕೂತಿತ್ತು."

ಫಾರಂ ತುಂಬಿದೆ. ಎಡ ಐವತ್ತೆಂಟು, ಬಲ ಅರವತ್ತೊಂದು.
ಶ್ರವಣ ಸಾಧನಕ್ಕೆ ಶಿಫಾರಸು, ಎರಡು ಫೋಟೋ, ಆಧಾರ್ ಪ್ರತಿ.
ತಪ್ಪು ಉತ್ತರ ಎರಡು ಎಂದಿದ್ದ ಕಡೆ
ಪೆನ್ನು ಸ್ವಲ್ಪ ಹೊತ್ತು ನಿಂತಿತು. ಹೊಡೆದು ಹಾಕಲಿಲ್ಲ.
ಷರಾ ಕಾಲಂ ಖಾಲಿ ಬಿಟ್ಟೆ.
ಶೇವಂತಿ ಇಪ್ಪತ್ತೆಂಟನ್ನು ಕೂಗಿದಳು.

ಆ ರಾತ್ರಿ ಕೋಡಿಬಾಗದ ಮನೆಯಲ್ಲಿ
ಮೇಲಿನ ಸ್ವರಗಳನ್ನೆಲ್ಲ ತಗ್ಗಿಸುತ್ತ, ತಗ್ಗಿಸುತ್ತ
ಅವರ ಕಿವಿಯಿಂದ ಕೇಳಿ ನೋಡಿದೆ.
ಹಿಮ ಮೊದಲು ಹೋಯಿತು, ಆಮೇಲೆ ಬೋಳು ಮರ.
ಉಳಿದದ್ದು ಒಂದು ತಗ್ಗು ಸ್ವರ, ಅದರ ಹಿಂದೆ ನೀರ ಗೆರೆ.
ಎಲ್ಲಿ ಮುಗಿಯಿತೆಂದು ತಿಳಿಯದೆ
ಹೆಬ್ಬೆರಳು ಹೊದಿಕೆಯ ಮೇಲೆ
ಇರದ ಗುಂಡಿಯನ್ನು ಒತ್ತಿತು.
ಮತ್ತೆ ಒತ್ತಿತು.