ಏಳನೇ ಸುತ್ತಿನ ನೀರು

ಶೇಕ್ಷಾವಲಿ ಎರಡು ಗ್ಲಾಸು ತಂದು ನನ್ನ ಮೇಜಿನ ಮೇಲಿಟ್ಟ.
ಒಂದರಲ್ಲಿ ಕಾಲುವೆ ನೀರು, ಒಂದರಲ್ಲಿ ನಮ್ಮ ಯಂತ್ರದ್ದು.
"ಯಾವುದು ಯಾವುದು ಹೇಳ್ರಿ ಮೇಡಂ, ನೋಡಣ."
ಸೋತೆ. ಕೆಂಪಗೆ ತುಸು ಕದಡಿದ್ದೇ ತುಂಗಭದ್ರೆ.
ತಿಳಿಯಾಗಿದ್ದದ್ದು ನಿನ್ನೆ ಮುನ್ನೂರು ಪ್ಯಾಂಟುಗಳ ನೀಲಿ ಬಿಡಿಸಿ
ಮೋರಿಯ ಬಣ್ಣದಲ್ಲಿ ಒಳಬಂದು
ಏಳನೇ ಸಲ ತೊಳೆಸಿಕೊಂಡ ನೀರು.

ನೀರಿಗೂ ಸ್ನಾನ ಮಾಡಿಸಬೇಕಾಗುತ್ತದೆ ಎಂದು
ಬಿ.ಕಾಂ.ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಬಳ್ಳಾರಿಯ ಮಾರ್ಚ್ ತಿಂಗಳಲ್ಲಿ
ಟ್ಯಾಂಕರಿನವನು ಫೋನ್ ಎತ್ತುವುದಿಲ್ಲ.
ಎತ್ತಿದರೆ, ಐದು ಸಾವಿರ ಲೀಟರಿಗೆ ಎಂಟುನೂರು,
ಅದೂ ಮುಂಗಡ, ಅದೂ ರಾತ್ರಿ ಹನ್ನೊಂದಕ್ಕೆ.
ಆಗ ಯಂತ್ರಕ್ಕೆ ಮರ್ಯಾದೆ.
ಚನ್ನವೀರಯ್ಯನವರು ಶುಕ್ರವಾರ ಅದಕ್ಕೆ ಊದಿನಕಡ್ಡಿ ಬೆಳಗುತ್ತಾರೆ,
ಪಂಪಿನ ನೆತ್ತಿಗೆ ಕುಂಕುಮ ಹಚ್ಚುತ್ತಾರೆ.
ನನ್ನ ಲೆಕ್ಕದಲ್ಲಿ ಸಾವಿರ ಲೀಟರಿಗೆ ತೊಂಬತ್ತೆರಡು ರೂಪಾಯಿ:
ಕರೆಂಟು, ಸುಣ್ಣ, ಪಟಿಕ, ವರ್ಷಕ್ಕೊಮ್ಮೆ ಹರಿಯುವ ಪೊರೆ,
ಶೇಕ್ಷಾವಲಿಯ ಸಂಬಳ (ಅದೇ ಎಲ್ಲಕ್ಕಿಂತ ಕಡಿಮೆ).

ಆಗಸ್ಟಿನಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ
ಅದೇ ಟ್ಯಾಂಕರು ತಾನೇ ಗೇಟಿಗೆ ಬಂದು ಹಾರ್ನ್ ಹೊಡೆಯುತ್ತದೆ.
ಮುನ್ನೂರೈವತ್ತು. ಉದ್ರಿಯೂ ಆದೀತು.
ಸಾವಿರಕ್ಕೆ ಎಪ್ಪತ್ತು.
ವ್ಯತ್ಯಾಸ ಇಪ್ಪತ್ತೆರಡು ರೂಪಾಯಿ,
ಗೇಟಿನಾಚೆ ಎರಡು ಟೀ, ಚಿಲ್ಲರೆ ವಾಪಸ್ಸಿಲ್ಲ.

"ಮಶೀನು ಸ್ವಲ್ಪ ರೆಸ್ಟ್ ತಗೊಳ್ಳಲಿ" ಎನ್ನುತ್ತಾರೆ ಯಜಮಾನರು.
ರಿಜಿಸ್ಟರಿನಲ್ಲಿ ಮಾತ್ರ ರಿಪೇರಿ ಎಂದು ಬರೆಯಬೇಕು.
ಬರೆದಿದ್ದೇನೆ. ಹೋದ ವರ್ಷ ಹದಿನೇಳು ದಿನ.
ಆ ಹದಿನೇಳು ದಿನ ಹಿಂದಿನ ಹಳ್ಳ ನೀಲಿ ಹರಿಯಿತು.
ಎರ್ರೆಮ್ಮನ ಎಮ್ಮೆಗಳು ದಂಡೆಗೆ ಬಂದು, ಮೂಸಿ,
ತಿರುಗಿ ಹೋದವು.
ಆ ತಿರುಗಿ ಹೋಗುವುದನ್ನು ಯಾವ ಖಾತೆಗೆ ಹಾಕುತ್ತಾರೆ?

ಹಾಗಂತ ಯಂತ್ರವೇನು ಪುಣ್ಯಾತ್ಮನಲ್ಲ.
ಅದು ಓಡುವಷ್ಟು ಹೊತ್ತೂ ಮೀಟರಿನ ಕೆಂಪು ದೀಪ
ಕಣ್ಣು ಮಿಟುಕಿಸುತ್ತಲೇ ಇರುತ್ತದೆ.
ಸಂಜೆ ತಾರಸಿ ಹತ್ತಿ ಕುಡತಿನಿ ಕಡೆ ನೋಡಿದರೆ
ಚಿಮಣಿಯ ಹೊಗೆ, ಅದರ ಬಗಲಲ್ಲೇ ಬೆಳ್ಳನೆಯ ಆವಿ.
ಅಲ್ಲಿ ನೀರು ಕುದಿಸಿ ಕರೆಂಟು.
ಇಲ್ಲಿ ಕರೆಂಟು ಸುಟ್ಟು ನೀರು.
ನಾವು ಉಳಿಸಿದ ಕೊಡಗಳಲ್ಲಿ ಎಷ್ಟು
ಅಲ್ಲಿ ಮುಗಿಲಿಗೆ ಹೋದವೋ
ಯಾವ ಬಿಲ್ಲಿನ ಬೆನ್ನಿಗೂ ಅಚ್ಚಾಗಿಲ್ಲ.

ಮತ್ತೆ ಉಪ್ಪು.
ನೀರನ್ನು ಎಷ್ಟು ತೊಳೆದರೂ ಕೊನೆಗೆ ಉಳಿಯುವ ಉಪ್ಪು,
ಬೂದು ನೀಲಿ, ಹಸಿ ಹಸಿ, ಕೈಗೆ ಅಂಟುವಂಥದ್ದು.
ಗೋಡೌನಿನಲ್ಲಿ ನೂರಾ ಹನ್ನೊಂದು ಚೀಲ.
ಕೊಳ್ಳುವವರಿಲ್ಲ, ಎಸೆಯುವ ಹಾಗಿಲ್ಲ.
ಏನಮ್ಮಾ ಇದು, ಆಸ್ತಿಯೋ ಸಾಲವೋ ಎಂದರು ಆಡಿಟರು.
ದಾಸ್ತಾನು ಎಂದೆ. ನಕ್ಕರು.
ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಈ ಬೆಳಿಗ್ಗೆ ಯಜಮಾನರು ಮತ್ತೆ ರೆಸ್ಟ್ ಅಂದರು.
ಶೇಕ್ಷಾವಲಿ ಗ್ಲಾಸು ತಂದದ್ದು ಅದಾದ ಮೇಲೆ.
ಬಾಗಿಲಲ್ಲಿ ನಿಂತೇ ಇದ್ದ, ಒದ್ದೆ ಕೈ ಲುಂಗಿಗೆ ಒರೆಸಿಕೊಳ್ಳುತ್ತ.
"ಏನಂತ ಬರಿತೀರಿ?"
ತಿಳಿನೀರನ್ನು ಕಿಟಕಿಯಾಚೆಯ ಬೇವಿನ ಸಸಿಗೆ ಸುರಿದು
ರಿಜಿಸ್ಟರು ತೆರೆದೆ. ಪೆನ್ನಿನದೂ ನೀಲಿಯೇ.

ಯಂತ್ರ ಸರಿಯಿದೆ.
ನಿಲ್ಲಿಸಲಾಗಿದೆ.
ಕಾರಣ: ಇಪ್ಪತ್ತೆರಡು ರೂಪಾಯಿ.